ಐದನೆಯ ವಾರಸುದಾರ

ವ್ಯವಹಾರ ಒಂದು ಇಡೀ ನೇರಳೆ ಮರದ್ದು, ಕಾಯಿ ಹಣ್ಣು ಸಮೇತ. ಅದು ತನ್ನ ಮಕ್ಕಳಿಗೇ ಸೇರಲೆಂದು ಕಾಗಕ್ಕ ಆಮೆಯ ಕಚೇರಿಗೆ ಹೋಗಿ, ಗೂಡಿನಲ್ಲಿದ್ದ ಐದು ಮೊಟ್ಟೆಗಳನ್ನೂ ಕಂಪ್ಯೂಟರಿನ ಅರ್ಜಿಯಲ್ಲಿ ವಾರಸುದಾರರೆಂದು ತುಂಬಿಸಿದಳು.

"ಆಮೆಯಣ್ಣ, ಸಲ್ಲಿಸಿದ ಮೇಲೆ ಯಾರೂ ಒಂದಕ್ಷರ ತಿದ್ದಬಾರದು, ಇನ್ನೊಂದು ಅರ್ಜಿ ಹಾಕಲೂಬಾರದು. ಆ ಕೋಗಿಲೆಯನ್ನು ನಂಬೋ ಹಾಗಿಲ್ಲ."

"ಬೀಗ ಹಾಕಿಬಿಡ್ತೀನಿ. ಒಮ್ಮೆ ಗೂಡಿಗೆ ಹೋಗಿ ನೋಡಿ ಬಾರಮ್ಮ."

"ನನ್ನ ಮೊಟ್ಟೆ ನನಗೆ ಗೊತ್ತಿಲ್ವೇ? ಸಲ್ಲಿಸೋ ಗುಂಡಿ ಒತ್ತು."

ಮೂಟೆ ಬಿಚ್ಚಿ ನೋಡದೆ ಸರಕು ಕೊಳ್ಳುವವರ ಪೈಕಿ ಅವಳು. ಆಮೆ ಒತ್ತಿತು.

ಮೊಟ್ಟೆಗಳು ಒಡೆದವು. ಐದನೆಯ ಮರಿ ಎಲ್ಲರ ತುತ್ತನ್ನೂ ಕಸಿದು ತಿಂದು ಬೆಳೆಯಿತು, ಉಳಿದ ನಾಲ್ಕು ಹಸಿದು ಸತ್ತವು. ಆಮೇಲೆ ಅದು ಬಾಯಿ ತೆರೆದು ಕುಹೂ ಎಂದಿತು.

ಕಾಗಕ್ಕ ಕಚೇರಿಗೆ ಹಾರಿದಳು. "ಅದು ಕೋಗಿಲೆ ಮರಿ ಕಣಣ್ಣ. ಹೆಸರು ತೆಗಿ."

"ತಿದ್ದೋಕೆ ಬರಲ್ಲ, ತಾಯಿ."

"ಹೊಸ ಅರ್ಜಿ ತಗೋ."

"ಒಂದು ಮರಕ್ಕೆ ಒಂದೇ ಅರ್ಜಿ. ಈ ಬೀಗ ಕೇಳಿದವಳು ನೀನೇ ಅಲ್ವೇ?" ಎಂದು ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು.

ಕೊನೆಗೆ, ಯಾವ ಅರ್ಜಿಯನ್ನೂ ಹಾಕದ ಕೋಗಿಲೆಯ ಮನೆತನಕ್ಕೆ ಮರ ದಕ್ಕಿತು. ಕಾಗಕ್ಕನಿಗೆ ದಕ್ಕಿದ್ದು, ಅರ್ಜಿ ಸ್ವೀಕರಿಸಿದ್ದಕ್ಕೆ ಒಂದು ರಸೀದಿ.