ನೇಕಾರನ ಹೆಂಡತಿ ಸಾಕಿದ ಬೆಕ್ಕು

"ಗುರುಗಳೇ, ನಾನು ಮಠಕ್ಕೆ ಬಂದು ವರ್ಷವಾಯಿತು. ನಿನ್ನದು ಯಾವ ಊರು ಎಂದು ತಾವು ಒಮ್ಮೆಯೂ ಕೇಳಲಿಲ್ಲ. ನಾನು ಇಲ್ಲಿಗೆ ಬೇಡದವನೇ?"

ಕೇಳಿದವನು ಯಾರೊಡನೆಯೂ ಬೆರೆಯದ ಶಿಷ್ಯ. ಊಟದ ಸಾಲಿನಲ್ಲೂ ಹೊಸ್ತಿಲ ಬಳಿಯೇ ಕೂರುವವನು. ಅಂದು ಬೆಳಿಗ್ಗೆ ಬಟ್ಟೆಯ ಗಂಟು ಕಟ್ಟಿಕೊಂಡು ನೇರವಾಗಿ ಗುರುಗಳ ಎದುರು ಬಂದು ಕೂತಿದ್ದ. ಹೌದೆಂದರೆ ಎದ್ದು ಹೊರಡುವುದೆಂದು ನಿಶ್ಚಯಿಸಿದ್ದ.

ಗುರುಗಳು ಗಂಟನ್ನು ನೋಡಿದರು. "ಹೊರಟವನಿಗೆ ಒಂದು ಕತೆ ಕೇಳುವಷ್ಟು ಹೊತ್ತಿದೆಯಷ್ಟೆ?" ಎಂದು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಹೆಂಡತಿ ಒಂದು ಬೆಕ್ಕು ಸಾಕಿದ್ದಳು. ಅವನು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವನು, ಅವಳು ಪಕ್ಕದಲ್ಲಿ ಕೂತು ನೂಲು ಸುತ್ತುವಳು, ಬೆಕ್ಕು ಅವಳಿಗೆ ಒರಗಿ ಮಲಗುವುದು. ನೇಕಾರನ ಹತ್ತಿರ ಅದು ಸುಳಿದದ್ದೇ ಇಲ್ಲ. ಒಂದು ದಿನ ಹೆಂಡತಿ ಜ್ವರದಿಂದ ತೀರಿಕೊಂಡಳು. ಹೋಗುವ ಮುಂಚೆ ಅವಳು ಹೇಳಿದ್ದು ಒಂದೇ ಮಾತು. "ಬೆಕ್ಕ ಕೈಬಿಡಬ್ಯಾಡ್ರಿ."

ಅವಳನ್ನು ಮಣ್ಣು ಮಾಡಿ ಬಂದ ದಿನವೇ ಬೆಕ್ಕು ಮಗ್ಗದ ಗುಂಡಿಗಿಳಿದು ಮೂಲೆ ಸೇರಿತು. ನೇಕಾರ ಹಾಲಿಟ್ಟ, ಅದು ಮೂಸಲಿಲ್ಲ. ಕರೆದ; ಕಿವಿ ಅಲುಗಿಸಲಿಲ್ಲ. ಕತ್ತು ಹಿಡಿದೆತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಲು ಹೋಗಿ ಮೊಣಕೈವರೆಗೆ ಪರಚಿಸಿಕೊಂಡ. ಓಡಿಹೋದರೆ ಗತಿಯೇನೆಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿದ. ಬೆಕ್ಕಿರುವ ಗುಂಡಿಯಲ್ಲಿ ಕಾಲಿಡುವುದು ಹೇಗೆ? ನೇಯುವುದನ್ನೂ ನಿಲ್ಲಿಸಿದ. ಗಾದೆಯಲ್ಲಿ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಮನೆಯಲ್ಲಿ ಮಾತ್ರ ಪ್ರಾಣಸಂಕಟ ಇಬ್ಬರಿಗೂ ಇತ್ತು. ಅವಳು ಒಪ್ಪಿಸಿಹೋದ ಒಂದು ಜೀವವೂ ತನ್ನ ಕೈಯಲ್ಲೇ ಸಾಯುತ್ತದೆಂದು ಅವನಿಗೆ ಹೆದರಿಕೆಯಾಯಿತು.

ನಾಲ್ಕನೆಯ ದಿನ ಪಕ್ಕದ ಮನೆಯ ಮುದುಕಿ ಬಂದು ಬಾಗಿಲು ಬಡಿದಳು.

"ಹಗಲ ಹೊತ್ತಿನ್ಯಾಗ ಬಾಗಲಾ ಯಾಕ ಹಾಕೀಯೋ ತಮ್ಮಾ?"

"ತೆಗದ್ರ ಬೆಕ್ಕು ಓಡಿ ಹೊಕ್ಕೈತಿ, ಯವ್ವಾ."

"ಈಗೇನು ಅದು ನಿನ್ನ ಹತ್ರ ಐತೇನು?"

ನೇಕಾರ ಗುಂಡಿಯ ಮೂಲೆಯತ್ತ ನೋಡಿದ. ಬಾಗಿಲು ತೆಗೆದ. ಬೆಕ್ಕು ಗುಂಡಿಯಿಂದ ನೆಗೆದು ಒಂದೇ ಓಟಕ್ಕೆ ಬೀದಿ ದಾಟಿತು.

ಇದ್ದದ್ದೂ ಹೋಯಿತೆಂದು ಅವನು ತಲೆಯ ಮೇಲೆ ಕೈಹೊತ್ತು ಕೂತ. ಆದರೂ ಬಾಗಿಲು ಹಾಕಲು ಮನಸ್ಸಾಗಲಿಲ್ಲ. ಹೊಸ್ತಿಲ ಬಳಿ ಹಾಲಿಟ್ಟ. ಗುಂಡಿ ಹೇಗೂ ಖಾಲಿಯಾಗಿತ್ತು. ಬಾಗಿಲಿಗೆ ಬೆನ್ನು ಮಾಡಿ ಕಾಲು ಇಳಿಬಿಟ್ಟ, ಲಾಳಿ ಎಸೆದ. ಮಗ್ಗ ಮತ್ತೆ ಸದ್ದು ಮಾಡಿತು. ಹೆಂಡತಿ ಇದ್ದಾಗ ದಿನವಿಡೀ ಕೇಳುತ್ತಿದ್ದ ಸದ್ದು ಅದು. ಆ ಸದ್ದು ನಿಂತ ಮನೆ ಬೆಕ್ಕಿಗೆ ತನ್ನ ಮನೆಯೇ ಆಗಿರಲಿಲ್ಲ ಎಂಬುದು ಅವನಿಗೆ ತಿಳಿದಿರಲಿಲ್ಲ.

ಮರುದಿನ ಹಾಲಿನ ಬಟ್ಟಲು ಬರಿದಾಗಿತ್ತು. ಅವನು ಮತ್ತೆ ತುಂಬಿಸಿಟ್ಟು ಮಗ್ಗಕ್ಕೆ ಕೂತ. ಬೆಕ್ಕು ಕುಡಿಯುತ್ತದೋ, ಬೀದಿ ನಾಯಿ ಕುಡಿಯುತ್ತದೋ ಎಂದು ತಿರುಗಿ ನೋಡಲಿಲ್ಲ. ಹೊಂಚಿ ಕೂರುವುದೂ ಹಿಡಿದಂತೆಯೇ ಎಂದು ಕೈಮೇಲಿನ ಗಾಯ ಅವನಿಗೆ ಕಲಿಸಿತ್ತು. ಐದಾರು ದಿನ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ನೇಯುತ್ತಿದ್ದವನ ಸೊಂಟಕ್ಕೆ ಏನೋ ಬೆಚ್ಚಗೆ ಒರಗಿತು. ಅವನು ಕೈಚಾಚಲಿಲ್ಲ, ಲಾಳಿ ನಿಲ್ಲಿಸಲಿಲ್ಲ. ಎದೆಯ ಭಾರ ಇಳಿದು ಅಳು ಬಂತು. ಅಳುತ್ತಲೇ ಸಂಜೆಯವರೆಗೆ ನೇಯ್ದ. ಬೆಕ್ಕು ಅಲ್ಲೇ ನಿದ್ದೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ ಕೂತಿದ್ದ. ಅವನ ಕೈ ಇನ್ನೂ ಗಂಟಿನ ಮೇಲಿತ್ತು. ಗುರುಗಳು ಹೊಸ್ತಿಲ ಕಡೆ ಒಮ್ಮೆ ನೋಡಿ ಹೇಳಿದರು:

"ವರ್ಷವಿಡೀ ಅಲ್ಲಿ ಕೂತವನು ಇವತ್ತು ನೀನಾಗಿಯೇ ಇಲ್ಲಿ ಬಂದು ಕೂತಿದ್ದೀಯೆ, ಈಗ ಹೇಳಪ್ಪ, ನಿನ್ನದು ಯಾವ ಊರು?"