ತಟ್ಟೆಯ ಅಡಿಯ ಅನುಭವ

ನಾನು ಔಷಧದಂಗಡಿಯ ತಕ್ಕಡಿ. ಮೂವತ್ತು ವರ್ಷ ಪುಡಿ ತೂಗಿದವನಿಗೆ ಮತ್ತೆ ಪರೀಕ್ಷೆಯೇ ಎಂದು ಗೊಣಗುತ್ತಿದ್ದೆ. ತಪಾಸಣೆಗೆ ಬಂದ ತೂಕದ ಬಟ್ಟು ನನ್ನ ಪುಡಿಯ ತಟ್ಟೆಯಲ್ಲಿ ಕುಳಿತಿತು. ಎದುರು ತಟ್ಟೆಯಲ್ಲಿ ಅಷ್ಟೇ ತೂಕದ ಇನ್ನೊಂದು ಬಟ್ಟಿದ್ದರೂ ಪುಡಿಯ ತಟ್ಟೆಯೇ ಕೆಳಗಿಳಿಯಿತು.

"ನೀನು ದಪ್ಪಗಾಗಿದ್ದೀಯ," ಎಂದೆ.

"ನಾನು ಮೊನ್ನೆಯಷ್ಟೇ ಪರೀಕ್ಷೆಯಾಗಿ ಬಂದವನು. ತಮ್ಮ ತಟ್ಟೆಯ ಅಡಿಯಲ್ಲಿ ಮೆತ್ತಿಕೊಂಡಿರುವುದೇನು?"

"ಅನುಭವ!"

"ಹಾಗಾದರೆ ಅಷ್ಟು ತೂಕದ ಔಷಧ ಜ್ವರದ ಮಕ್ಕಳಿಗೆ ಕಡಿಮೆ ಬಿದ್ದಿದೆ."

ಅಂಗಡಿಯ ವಾರಿಜಮ್ಮ ಒದ್ದೆ ಬಟ್ಟೆಯಿಂದ ಮೂವತ್ತು ವರ್ಷವನ್ನು ಒಂದೇ ಸಲಕ್ಕೆ ಒರೆಸಿಬಿಟ್ಟರು.

ಈಗ ಯಾರಾದರೂ ನನ್ನ ಅನುಭವವೆಷ್ಟು ಎಂದು ಕೇಳಿದರೆ, ಬೆಳಿಗ್ಗೆಯಷ್ಟೇ ಒರೆಸಿದ್ದಾರೆ ಎನ್ನುತ್ತೇನೆ.