ಕೇಳುವವರ ಜಗಲಿ

ಮಠದ ಪುಸ್ತಕದ ಮನೆಯ ಮುಂದಿನ ಜಗಲಿಯಲ್ಲಿ ಗುರುಗಳು ಕೂತಿದ್ದರು. ಕಾಲಬಳಿ ಕೂತಿದ್ದ ಶಿಷ್ಯ ಕೇಳಿದ: "ಬುದ್ಧಿ, ಒಳಗೆ ಪುಸ್ತಕಕ್ಕೆ ಜಾಗ ಸಾಲದು. ಈ ಜಗಲಿ ಒಡೆದು ಗೋಡೆ ಎಬ್ಬಿಸಿದರೆ ಇನ್ನಷ್ಟು ಕಪಾಟು ಇಡಬಹುದು. ಇಲ್ಲಿ ಹೇಗೂ ಓದು ಬಾರದವರು ಕೂತು ಗದ್ದಲ ಮಾಡುತ್ತಾರೆ. ಒಡೆಸಲೇ?"

ಗುರುಗಳು ಹುಬ್ಬು ಗಂಟಿಕ್ಕಿದರು. "ಒಂದು ಕತೆ ಕೇಳು" ಎಂದರು.

ಒಂದು ಪೇಟೆಯಲ್ಲಿ ಸಾರ್ವಜನಿಕ ಗ್ರಂಥಾಲಯವಿತ್ತು. ಬೀದಿಗೆ ಮುಖಮಾಡಿದ ಜಗಲಿ ಅದಕ್ಕಿತ್ತು. ಅಕ್ಷರ ಬಲ್ಲವರು ಒಳಗೆ ಓದುತ್ತಿದ್ದರು. ಸಂಜೆಯಾದರೆ ಮುದುಕ ಮೇಷ್ಟರೊಬ್ಬರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಕತೆ ಓದುತ್ತಿದ್ದರು. ಹಮಾಲರು, ಹೂ ಮಾರುವವಳು, ಚಪ್ಪಲಿ ಹೊಲಿಯುವವನು, ಎಲ್ಲರೂ ಹೊರೆ ಇಳಿಸಿ ಕೇಳುತ್ತಿದ್ದರು. ಅದು ಅಲ್ಲಿಯ ರೂಢಿ.

ಒಬ್ಬ ವರ್ತಕ ಅದರ ಅಧ್ಯಕ್ಷನಾದ. ನೆಲಕ್ಕೆ ಅಮೃತಶಿಲೆ ಹಾಸಿಸಿದ. ಗಾಜಿನ ಬಾಗಿಲು ಬಂತು, ಮೆತ್ತನೆಯ ಕುರ್ಚಿಗಳು ಬಂದವು. ಕೊನೆಗೆ, ಕಟ್ಟಡದ ಅಂದ ಕೆಡುತ್ತದೆಂದು ಜಗಲಿ ಒಡೆಸಿ ಹೂಕುಂಡ ಇಡಿಸಿದ. ಬಾಗಿಲ ಮೇಲೆ 'ನಿಶ್ಶಬ್ದ' ಎಂದು ಹಲಗೆ ತೂಗುಹಾಕಿಸಿದ. ಮೇಷ್ಟರು ಬರುವುದನ್ನು ಬಿಟ್ಟರು.

ಹೂ ಮಾರುವವಳು ಮಾತ್ರ ಬುಟ್ಟಿ ಹೊತ್ತು ಬಾಗಿಲಿಗೇ ಬಂದಳು.

"ಸಾವ್ಕಾರ್ರೇ, ಓದೋರಿಗೆ ಕುರ್ಚಿ ಹಾಕ್ಸಿದ್ರಿ, ಚೆನ್ನಾಗಾಯ್ತು. ಕೇಳೋರು ಎಲ್ಲಿ ಕೂರ್ಬೇಕು?"

"ಓದು ಬಾರದವರಿಗೆ ಇಲ್ಲೇನಮ್ಮ ಕೆಲಸ?"

"ಕತೆ ಅರ್ಧಕ್ಕೆ ನಿಂತೈತೆ. ಆ ಹುಡುಗಿ ಕೂಸು ಕಟ್ಕೊಂಡು ತುಂಬಿದ ಹೊಳೆಗೆ ಇಳಿದಿದ್ಲು. ದಾಟಿದ್ಲೋ ಇಲ್ವೋ ಅಷ್ಟು ಹೇಳ್ಬಿಡಿ, ಹೋಗ್ತೀನಿ."

ವರ್ತಕನಿಗೆ ಗೊತ್ತಿರಲಿಲ್ಲ. ಆ ಪುಸ್ತಕವಿರಲಿ, ಅವನು ಯಾವ ಪುಸ್ತಕವನ್ನೂ ಓದಿದವನಲ್ಲ. ಗೊತ್ತಿಲ್ಲ ಎನ್ನುವಷ್ಟು ಮರ್ಯಾದೆಯೂ ಇಲ್ಲದೆ ಬಾಗಿಲು ಎಳೆದುಕೊಂಡ. ಕಣ್ಣಿದ್ದೂ ಓದದವನು ಒಳಗೆ, ಕೇಳಲು ಹಂಬಲಿಸಿ ಬಂದವಳು ಬೀದಿಯಲ್ಲಿ! ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಜಗಲಿಯಲ್ಲಿ ಕೇಳಿದವರ ಮಕ್ಕಳೇ ಮುಂದೆ ಅಕ್ಷರ ಕಲಿತು ಒಳಗೆ ಬರುತ್ತಿದ್ದರು. ಅವರು ಬರುವುದೂ ನಿಂತಿತು. ಕುರ್ಚಿಗಳ ಮೇಲೆ ಧೂಳು ಕೂತಿತು. ಆ ಮಹಾನುಭಾವ ಸಭೆ ಕರೆದು ಜನರನ್ನೇ ಬೈದ: "ಎಷ್ಟು ಅನುಕೂಲ ಮಾಡಿಕೊಟ್ಟರೂ ಈ ಊರಿಗೆ ಓದಿನ ರುಚಿಯಿಲ್ಲ." ಹಸಿದವರನ್ನು ಪಂಕ್ತಿಯಿಂದ ಎಬ್ಬಿಸಿ, ಉಣ್ಣುವವರೇ ಇಲ್ಲ ಎಂದು ಗೊಣಗಿದ ಹಾಗೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಇನ್ನಷ್ಟು ಹತ್ತಿರ ಸರಿದು ಕೂತ.

"ಆ ಹುಡುಗಿ ಹೊಳೆ ದಾಟಿದಳೇ, ಬುದ್ಧಿ?"

"ಈ ಜಗಲಿ ಒಡೆಸಿದ ಮೇಲೆ ಅದನ್ನು ಎಲ್ಲಿ ಕೂತು ಕೇಳುತ್ತೀಯೋ, ಮೊದಲು ಹೇಳು."